ಮರುಹುಟ್ಟಿಗೆ ಮುಂಚಿನ ಲೆಕ್ಕಾಚಾರ: ರಾಗ್ನರಾಕ್ ಆನ್‌ಲೈನ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ಆಟಕ್ಕೆ ಸೇರಿದವು. ಕೊರಿಯಾದ ಗ್ರ್ಯಾವಿಟಿ ಕಂಪನಿ 2002ರಲ್ಲಿ ಹೊರತಂದ ರಾಗ್ನರಾಕ್ ಆನ್‌ಲೈನ್ ಇಷ್ಟು ವರ್ಷಗಳ ನಂತರವೂ ನಮ್ಮ ಓದುಗರ ಕೈ ಬಿಟ್ಟಿಲ್ಲ ಎಂಬುದು ನನಗೆ ಸಂತೋಷ ತಂದಿತು. ಪಾತ್ರದ ಗುಣಗಳನ್ನು ಏರಿಸಲು ಸಿಗುವ ಸ್ಟಾಟ್ ಪಾಯಿಂಟುಗಳನ್ನು ಎಲ್ಲಿ ಹಾಕಬೇಕು, ಪಾತ್ರವನ್ನು ಯಾವಾಗ ಮುಂದಿನ ಜಾಬ್‌ಗೆ, ಎಂದರೆ ವೃತ್ತಿಗೆ, ಬದಲಾಯಿಸಬೇಕು ಎಂಬ ಎರಡು ಪ್ರಶ್ನೆಗಳೇ ಐದೂ ಪತ್ರಗಳ ತಿರುಳಾಗಿರುವುದರಿಂದ ಈ ಕಂತನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಕೊನೆಯ ಉತ್ತರವೊಂದನ್ನು ಬಿಟ್ಟು ಉಳಿದ ಲೆಕ್ಕಗಳೆಲ್ಲವೂ ಆಟದ ನಿಯಮಗಳನ್ನೇ ಬದಲಿಸಿದ ‘ರಿನ್ಯೂವಲ್’ ಪರಿಷ್ಕರಣೆ ಬರುವುದಕ್ಕೆ ಮುಂಚಿನ ಹಳೆಯ ನಿಯಮಗಳಿಗೆ ಅನ್ವಯಿಸುತ್ತವೆ. ಹೊಸಬರಿಗೆ ಒಂದು ಮಾತು: ಬೇಸ್ ಲೆವೆಲ್ ಎಂದರೆ ಪಾತ್ರದ ಮಟ್ಟ, ಅದು ಏರಿದರೆ ಸ್ಟಾಟ್ ಪಾಯಿಂಟ್ ಸಿಗುತ್ತದೆ; ಜಾಬ್ ಲೆವೆಲ್ ಎಂದರೆ ವೃತ್ತಿಯ ಮಟ್ಟ, ಅದು ಏರಿದರೆ ಸ್ಕಿಲ್ ಪಾಯಿಂಟ್ ಸಿಗುತ್ತದೆ.

ಪ್ರಶ್ನೆ: ನನ್ನ ಸ್ವೋರ್ಡ್ಸ್‌ಮನ್ ಬೇಸ್ ಲೆವೆಲ್ 60, ಜಾಬ್ ಲೆವೆಲ್ 47 ತಲುಪಿದ್ದಾನೆ. ಸ್ಟ್ರೆಂತ್ 60, ಅಜಿಲಿಟಿ 40, ವೈಟಾಲಿಟಿ 30, ಡೆಕ್ಸ್ (ಕೈಚಳಕ) 20, ಲಕ್ 10 ಇವೆ; ಇಂಟ್ (ಬುದ್ಧಿಶಕ್ತಿ) 1ರಲ್ಲೇ ಇದೆ; 6 ಪಾಯಿಂಟ್ ಉಳಿದಿವೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಾಕಿ ಪಾತ್ರವನ್ನು ಕೆಡಿಸಿಕೊಂಡಿದ್ದೀಯ, ಅಳಿಸಿ ಹೊಸದಾಗಿ ಶುರುಮಾಡು ಎಂದು ಗಿಲ್ಡ್‌ನ (ಆಟಗಾರರ ಸಂಘದ) ಗೆಳೆಯರು ಹೇಳುತ್ತಿದ್ದಾರೆ. ಹೇಗೂ ಜಾಬ್ ಲೆವೆಲ್ 40 ದಾಟಿರುವುದರಿಂದ ಈಗಲೇ ಮುಂದಿನ ಜಾಬ್ ಆದ ನೈಟ್ ಆಗಿಬಿಡಬಹುದೇ? ಎರಡು ಕೈಯ ಖಡ್ಗ ಹಿಡಿಯುವ ನೈಟ್ ನನ್ನ ಆಸೆ.
— ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ದಯವಿಟ್ಟು ಅಳಿಸಬೇಡಿ. ನಿಮ್ಮ ಪಾತ್ರ ಕೆಟ್ಟಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ಕಾಗದದ ಮೇಲೆ ಕೂಡಿ ಕಳೆದು ನೋಡಿದ ಮೇಲೆಯೇ ಹೇಳುತ್ತಿದ್ದೇನೆ.

ಮೊದಲು ಪಾಯಿಂಟುಗಳ ಬೆಲೆಯನ್ನು ತಿಳಿಯಬೇಕು. ಒಂದು ಸ್ಟಾಟ್ 11 ಮುಟ್ಟುವವರೆಗೆ ಪ್ರತಿ ಏರಿಕೆಗೆ 2 ಪಾಯಿಂಟ್ ತಗಲುತ್ತದೆ. ಅಲ್ಲಿಂದ 21ರವರೆಗೆ 3, 31ರವರೆಗೆ 4, ಹೀಗೆ ಹತ್ತು ಹತ್ತಕ್ಕೆ ಒಂದೊಂದು ಹೆಚ್ಚುತ್ತಾ ಹೋಗಿ 91 ದಾಟಿದ ಮೇಲೆ ಪ್ರತಿ ಏರಿಕೆಗೂ 11 ಪಾಯಿಂಟ್ ಕೊಡಬೇಕಾಗುತ್ತದೆ. ಆದ್ದರಿಂದ 1ರಿಂದ 30ಕ್ಕೆ ಏರಲು ಒಟ್ಟು 86 ಪಾಯಿಂಟ್ ಸಾಕು. 40ಕ್ಕೆ 135, 60ಕ್ಕೆ 263, 80ಕ್ಕೆ 431, 90ಕ್ಕೆ 530, 99ಕ್ಕೆ 628 ಬೇಕು. ಬೇಸ್ 1ರಲ್ಲಿ ಸಿಗುವ 48ನ್ನೂ ಸೇರಿಸಿದರೆ ಬೇಸ್ 60ರ ಹೊತ್ತಿಗೆ ಒಬ್ಬ ಆಟಗಾರನ ಕೈಗೆ 555 ಪಾಯಿಂಟ್ ಬಂದಿರುತ್ತವೆ, 99ರ ಹೊತ್ತಿಗೆ 1273. ನೀವು ಈವರೆಗೆ ಖರ್ಚು ಮಾಡಿರುವುದು 549. ಎಂದರೆ ಇನ್ನೂ 724 ಪಾಯಿಂಟ್ ನಿಮ್ಮ ಮುಂದೆ ಇವೆ, ಅರ್ಧಕ್ಕಿಂತ ಹೆಚ್ಚು.

ಈಗ ಅವನ್ನು ಹೀಗೆ ಹಂಚಿ ನೋಡಿ. ಸ್ಟ್ರೆಂತ್ ಅನ್ನು 60ರಿಂದ 82ಕ್ಕೆ ಏರಿಸಲು 187, ಅಜಿಲಿಟಿಯನ್ನು 40ರಿಂದ 90ಕ್ಕೆ ಏರಿಸಲು 395, ಡೆಕ್ಸ್ ಅನ್ನು 20ರಿಂದ 40ಕ್ಕೆ ಏರಿಸಲು 88, ವೈಟಾಲಿಟಿಯನ್ನು 30ರಿಂದ 40ಕ್ಕೆ ಏರಿಸಲು 49. ಒಟ್ಟು 719, 5 ಪಾಯಿಂಟ್ ಮಿಗುತ್ತವೆ. ಎರಡು ಕೈಯ ಖಡ್ಗದ ನೈಟ್‌ಗೆ ಇದು ಯಾರೂ ತಲೆತಗ್ಗಿಸಬೇಕಾದ ಹಂಚಿಕೆಯಲ್ಲ. ನೀವು ನಿಜವಾಗಿ ಕಳೆದುಕೊಂಡಿರುವುದು ಲಕ್‌ಗೆ ಹಾಕಿದ 18 ಪಾಯಿಂಟ್ ಮಾತ್ರ. ಕಡಿಮೆ ಎತ್ತರದಲ್ಲಿ ಏರಿಕೆ ಅಗ್ಗವಾಗಿರುವುದರಿಂದ ಆರಂಭದಲ್ಲಿ ಚದುರಿಸಿದ ಪಾಯಿಂಟುಗಳು ಕೊನೆಯಲ್ಲಿ ಅಷ್ಟಾಗಿ ಕಾಡುವುದಿಲ್ಲ; ಕಾಡುವುದು 70 ದಾಟಿದ ಮೇಲೆ ಮನಸ್ಸು ಬದಲಾಯಿಸುವ ಅಭ್ಯಾಸ.

ಸ್ಟ್ರೆಂತ್ 82ಕ್ಕೇ ಏಕೆ ನಿಲ್ಲಬೇಕು ಎಂದು ನೀವು ಕೇಳಬಹುದು. ಕೈಗೆಟುಕುವ ಅಂತರದಲ್ಲಿ ಹೊಡೆಯುವ ಆಯುಧಗಳಿಗೆ ಸ್ಟ್ರೆಂತ್‌ನ ಪ್ರತಿ ಪಾಯಿಂಟ್ ಒಂದು ಅಟ್ಯಾಕ್ ಕೊಡುವುದಲ್ಲದೆ, ಸ್ಟ್ರೆಂತ್ ಅನ್ನು ಹತ್ತರಿಂದ ಭಾಗಿಸಿ ಬರುವ ಪೂರ್ಣಾಂಕದ ವರ್ಗವೂ ಅಟ್ಯಾಕ್‌ಗೆ ಸೇರುತ್ತದೆ. ಒಟ್ಟು ಸ್ಟ್ರೆಂತ್ 89 ಇದ್ದಾಗ ಈ ಹೆಚ್ಚುವರಿ 64. 90 ಆದ ಕ್ಷಣ 81. ಆ ಒಂದೇ ಪಾಯಿಂಟಿನಿಂದ ನಿಮ್ಮ ಅಟ್ಯಾಕ್ 18ರಷ್ಟು ಏರುತ್ತದೆ. ಒಟ್ಟು ಎಂಬ ಮಾತು ಇಲ್ಲಿ ಮುಖ್ಯ, ಏಕೆಂದರೆ ಜಾಬ್ ಬೋನಸ್ ಮತ್ತು ತೊಟ್ಟ ಸಾಮಗ್ರಿಗಳಿಂದ ಬರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಸ್ಟೇಟಸ್ ಕಿಟಕಿಯಲ್ಲಿ ಸ್ಟ್ರೆಂತ್‌ನ ಪಕ್ಕದಲ್ಲಿ ಕೂಡುವ ಗುರುತಿನೊಂದಿಗೆ 8 ಎಂದು ಕಂಡರೆ, ನಿಮ್ಮ ಸ್ವಂತದ 82 ಅದರೊಂದಿಗೆ ಸೇರಿ ಸರಿಯಾಗಿ 90 ಆಗುತ್ತದೆ. ಅಲ್ಲಿಂದ ಒಟ್ಟು 100ಕ್ಕೆ ಹೋಗಲು ಸ್ವಂತದ ಸ್ಟ್ರೆಂತ್ ಅನ್ನು 92ಕ್ಕೆ ಒಯ್ಯಬೇಕು, ಅದಕ್ಕೆ 101 ಪಾಯಿಂಟ್ ಬೇಕು, ಬದಲಿಗೆ ಸಿಗುವುದು 29 ಅಟ್ಯಾಕ್. ಅದೇ 101ರಲ್ಲಿ ಏನೂ ಇಲ್ಲದ ಒಂದು ಸ್ಟಾಟ್ ಅನ್ನು 30ಕ್ಕೆ ಏರಿಸಿ 15 ಪಾಯಿಂಟ್ ಉಳಿಸಿಕೊಳ್ಳಬಹುದು. ಮೊದಲ ಜನ್ಮದಲ್ಲಿ, ಎಂದರೆ ಬೇಸ್ 99 ಮುಟ್ಟಿದ ಪಾತ್ರ ಮರುಹುಟ್ಟಿ ಮತ್ತೆ 1ರಿಂದ ಶುರುವಾಗುವುದಕ್ಕೆ ಮುಂಚೆ, ನಾನಂತೂ 90ಕ್ಕೆ ನಿಲ್ಲಿಸುತ್ತೇನೆ. 87 ಅಥವಾ 93ರಲ್ಲಿ ನಿಂತ ಸ್ಟ್ರೆಂತ್ ಕಂಡಾಗಲೆಲ್ಲ ನನಗೆ ಕೊಟ್ಟ ಹಣಕ್ಕೆ ಚಿಲ್ಲರೆ ವಾಪಸು ಪಡೆಯದೆ ಅಂಗಡಿಯಿಂದ ಎದ್ದುಬಂದವರ ನೆನಪಾಗುತ್ತದೆ.

ಏರಿಸುವ ಕ್ರಮದಲ್ಲಿ ಡೆಕ್ಸ್ ಅನ್ನು ಕೊನೆಗೆ ತಳ್ಳಬೇಡಿ. ನಿಮ್ಮ ಹೊಡೆತ ತಗಲುವ ಸಾಧ್ಯತೆ ಶೇಕಡಾ 80ಕ್ಕೆ ನಿಮ್ಮ ಹಿಟ್ ಕೂಡಿಸಿ ಶತ್ರುವಿನ ಫ್ಲೀ, ಎಂದರೆ ಹೊಡೆತ ತಪ್ಪಿಸಿಕೊಳ್ಳುವ ಸಾಮರ್ಥ್ಯ, ಕಳೆದಷ್ಟು. ಹಿಟ್ ಎಂದರೆ ಬೇಸ್ ಲೆವೆಲ್ ಮತ್ತು ಡೆಕ್ಸ್‌ನ ಮೊತ್ತ. ಶತ್ರುವಿನ ಫ್ಲೀಗಿಂತ ನಿಮ್ಮ ಹಿಟ್ 20 ಹೆಚ್ಚಿದ್ದರೆ ಹೊಡೆತ ತಪ್ಪುವುದಿಲ್ಲ. ತಪ್ಪುವ ಹೊಡೆತಕ್ಕೆ ಎಷ್ಟು ಅಟ್ಯಾಕ್ ಇದ್ದರೂ ಫಲವಿಲ್ಲ. ನಿಮ್ಮ ಫ್ಲೀಯನ್ನು ಏರಿಸುವ ಅಜಿಲಿಟಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಸುತ್ತ ಇಬ್ಬರಿಗಿಂತ ಹೆಚ್ಚು ಶತ್ರುಗಳು ನಿಂತರೆ ಮೂರನೆಯದರಿಂದ ಹಿಡಿದು ಒಂದೊಂದಕ್ಕೂ ನಿಮ್ಮ ಫ್ಲೀ ಶೇಕಡಾ 10ರಂತೆ ಕುಸಿಯುತ್ತದೆ. ವೈಟಾಲಿಟಿ 40 ಬೇಕೆಂದು ನಾನು ಹೇಳಿದ್ದು ಆ ಗಳಿಗೆಗಾಗಿ.

ಇನ್ನು ಜಾಬ್ ಬದಲಾವಣೆ. 40ಕ್ಕೇ ಬದಲಾದರೆ ಸ್ವೋರ್ಡ್ಸ್‌ಮನ್ ಆಗಿ ನಿಮಗೆ ಸಿಗುವುದು 39 ಸ್ಕಿಲ್ ಪಾಯಿಂಟ್, 50ಕ್ಕೆ ಬದಲಾದರೆ 49. ಕಳೆದುಹೋದ ಹತ್ತು ಆ ಜನ್ಮದಲ್ಲಿ ಮತ್ತೆ ಸಿಗುವುದಿಲ್ಲ. ನೀವು ಬಯಸುವ ನೈಟ್‌ನ ಮುಖ್ಯ ಹೊಡೆತವಾದ ಬೌಲಿಂಗ್ ಬ್ಯಾಶ್ ಕಲಿಯಲು ಬ್ಯಾಶ್ 10, ಮ್ಯಾಗ್ನಮ್ ಬ್ರೇಕ್ 3, ಎರಡು ಕೈಯ ಖಡ್ಗದ ಮಾಸ್ಟರಿ 5 ಮೊದಲೇ ಇರಬೇಕು; ಆ ಮಾಸ್ಟರಿಗೆ ಒಂದು ಕೈಯ ಖಡ್ಗದ ಮಾಸ್ಟರಿ 1 ಬೇಕು; ಪೆಕೊ ಪಕ್ಷಿಯ ಮೇಲೆ ಸವಾರಿ ಮಾಡಲು ಎಂಡ್ಯೂರ್ 1, ಅದಕ್ಕೆ ಪ್ರವೋಕ್ 5. ಎರಡು ಕೈಯ ಮಾಸ್ಟರಿಯನ್ನು ಪೂರ್ತಿ 10ಕ್ಕೆ ಒಯ್ದು, ಎಚ್‌ಪಿ (ಪ್ರಾಣಶಕ್ತಿ) ಚೇತರಿಕೆಯ ಸ್ಕಿಲ್‌ಗೂ 10 ಕೊಟ್ಟರೆ ಒಟ್ಟು 40 ಪಾಯಿಂಟ್ ಆಗುತ್ತದೆ. 39 ಇದ್ದವನಿಗೆ ಒಂದು ಸಾಲದು. 49 ಇದ್ದವನು ಪ್ರವೋಕ್ ಅನ್ನೂ 10ಕ್ಕೆ ಏರಿಸಿ ಇನ್ನೂ ನಾಲ್ಕನ್ನು ಕೈಯಲ್ಲಿಟ್ಟುಕೊಂಡಿರುತ್ತಾನೆ. ನಾನು ಸೈಬರ್ ಸೆಂಟರಿನಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಆಡುತ್ತಿದ್ದ ದಿನಗಳಲ್ಲಿ ಆತುರಕ್ಕೆ 40ಕ್ಕೇ ಬದಲಾಗಿದ್ದೆ, ಆ ಕೊರತೆಯನ್ನು ತುಂಬಲು ನೈಟ್ ಆದ ಮೇಲೆ ಬಂದ ಪಾಯಿಂಟುಗಳನ್ನೇ ಮುರಿಯಬೇಕಾಯಿತು. ನಿಮಗೆ ಉಳಿದಿರುವುದು ಮೂರೇ ಲೆವೆಲ್. ಆ ಹೊತ್ತಿನಲ್ಲಿ ಬೇಸ್ ಲೆವೆಲ್ ಕೂಡ ಏರುತ್ತಿರುತ್ತದೆ, ಆದ್ದರಿಂದ ಕಾದದ್ದು ವ್ಯರ್ಥವಲ್ಲ. 50 ಆದ ಮೇಲೆ ಎಲ್ಲ ಸ್ಕಿಲ್ ಪಾಯಿಂಟುಗಳನ್ನೂ ಹಾಕಿ ಮುಗಿಸಿಯೇ ನೈಟ್ ಪರೀಕ್ಷೆಗೆ ಹೋಗಿ. ಉಳಿಸಿಕೊಂಡು ಹೋದರೆ ಬದಲಾವಣೆ ಆಗುವುದಿಲ್ಲ.

ಪ್ರಶ್ನೆ: ಮಾನ್ಯರೇ, ನಾನು ವಿಝಾರ್ಡ್ ಆಡುತ್ತೇನೆ, ಬೇಸ್ 80ರ ಆಸುಪಾಸಿನಲ್ಲಿದ್ದೇನೆ. ಇಂಟ್ ಮತ್ತು ಡೆಕ್ಸ್ ಎರಡನ್ನೂ 99 ಮಾಡುವುದು ಸರಿಯೇ? ಮೊದಲು ಯಾವುದು? ಸ್ಟಾರ್ಮ್ ಗಸ್ಟ್ ಮಂತ್ರ ಮುಗಿಯುವಷ್ಟರಲ್ಲಿ ನಾನೇ ಸತ್ತಿರುತ್ತೇನೆ.
— ಶಿಕ್ಷಕಿ, ಉಡುಪಿ ಜಿಲ್ಲೆ

ಉತ್ತರ: ಎರಡನ್ನೂ 99 ಮಾಡಲು 1256 ಪಾಯಿಂಟ್ ಬೇಕು. ಮೊದಲ ಜನ್ಮದಲ್ಲಿ ಸಿಗುವ 1273ರಲ್ಲಿ ಅದನ್ನು ಕಳೆದರೆ ಉಳಿಯುವುದು 17. ವೈಟಾಲಿಟಿಯನ್ನು 10ಕ್ಕೆ ಒಯ್ಯಲೂ 18 ಬೇಕು. ಮರುಹುಟ್ಟಿದ ಪಾತ್ರಕ್ಕೆ 99ರಲ್ಲಿ ಒಟ್ಟು 1325 ಪಾಯಿಂಟ್ ಸಿಗುವುದರಿಂದ ಆಗ 69 ಉಳಿಯುತ್ತವೆ, ವೈಟಾಲಿಟಿ 25 ಮುಟ್ಟುತ್ತದೆ. ಆದ್ದರಿಂದ ಎರಡು 99ರ ಯೋಜನೆಯನ್ನು ಹೈ ವಿಝಾರ್ಡ್ ಆಗುವ ಜನ್ಮಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಈ ಜನ್ಮದಲ್ಲಿ ಇಂಟ್ ಅನ್ನು ಮೊದಲು ಏರಿಸಿ, ಡೆಕ್ಸ್ ಅದನ್ನು ಹಿಂಬಾಲಿಸಲಿ, ಎರಡನ್ನೂ 90ರ ಸುತ್ತ ನಿಲ್ಲಿಸಿ. ಎರಡು 90ಕ್ಕೆ 1060 ಆಗುತ್ತದೆ. ಉಳಿದ 213ರಲ್ಲಿ ವೈಟಾಲಿಟಿಯನ್ನು 50ಕ್ಕೆ ಒಯ್ದರೂ 19 ಮಿಗುತ್ತವೆ. ವೈಟಾಲಿಟಿಯ ಪ್ರತಿ ಪಾಯಿಂಟಿಗೆ ಗರಿಷ್ಠ ಎಚ್‌ಪಿ ಶೇಕಡಾ ಒಂದರಂತೆ ಹೆಚ್ಚುತ್ತದೆ. ಮಂತ್ರದ ನಡುವೆ ಸಾಯುವ ನಿಮ್ಮ ಕಷ್ಟಕ್ಕೆ ಇದೂ ಒಂದು ಪರಿಹಾರವೇ.

ಡೆಕ್ಸ್‌ನ ಲೆಕ್ಕ ಸರಳವಾದದ್ದು. ಡೆಕ್ಸ್ ಅನ್ನು 150ರಿಂದ ಭಾಗಿಸಿದಷ್ಟು ಪಾಲು ಮಂತ್ರದ ಸಮಯದಿಂದ ಕಳೆಯುತ್ತದೆ. 10ನೇ ಲೆವೆಲ್‌ನ ಸ್ಟಾರ್ಮ್ ಗಸ್ಟ್‌ನ ಮೂಲ ಸಮಯ 15 ಸೆಕೆಂಡ್. ಒಟ್ಟು ಡೆಕ್ಸ್ 75 ಇದ್ದರೆ ಏಳೂವರೆ, 100 ಇದ್ದರೆ 5, 120 ಇದ್ದರೆ 3 ಸೆಕೆಂಡ್, 150 ಆದರೆ ಕೈಯೆತ್ತಿದ ಕೂಡಲೇ ಹಿಮ ಸುರಿಯುತ್ತದೆ. ಒಂದೊಂದು ಡೆಕ್ಸ್‌ಗೂ ಕಡಿಮೆಯಾಗುವುದು ಸೆಕೆಂಡಿನ ಹತ್ತನೇ ಒಂದು ಭಾಗವೇ ಆದರೂ, ಮೇಲೆ ಹೋದಂತೆ ಅದರ ಬೆಲೆ ಬೇರೆ: 120ರಿಂದ 135ಕ್ಕೆ ಹೋದರೆ ಉಳಿದ ಸಮಯ ಸರಿಯಾಗಿ ಅರ್ಧವಾಗುತ್ತದೆ. 99ರಿಂದ ಆಚೆಗಿನ ಡೆಕ್ಸ್ ಎಲ್ಲವೂ ಜಾಬ್ ಬೋನಸ್, ಸಾಮಗ್ರಿ, ಪ್ರೀಸ್ಟ್ ಕೊಡುವ ಬ್ಲೆಸ್ಸಿಂಗ್, ಊಟದ ಪದಾರ್ಥಗಳಿಂದಲೇ ಬರಬೇಕಾದದ್ದರಿಂದ, ಅವು ಕೈಯಲ್ಲಿಲ್ಲದಿದ್ದಾಗ 150ರ ಕನಸನ್ನು ಮುಂದೂಡುವುದು ಒಳ್ಳೆಯದು. ಪಾರ್ಟಿಯಲ್ಲಿ ಬ್ರಾಗಿಯ ಹಾಡು ಬಲ್ಲ ಬಾರ್ಡ್ ಒಬ್ಬ ಇದ್ದರೆ ಮಂತ್ರದ ಸಮಯ ಇನ್ನೂ ಇಳಿಯುತ್ತದೆ. ಅಂಥವನ ಸ್ನೇಹ ನಿಮಗೆ ಹತ್ತು ಹದಿನೈದು ಡೆಕ್ಸ್‌ಗೆ ಸಮಾನ.

ಇಂಟ್‌ನ ಲೆಕ್ಕದಲ್ಲಿ ಮೆಟ್ಟಿಲುಗಳಿವೆ. ಮಂತ್ರದ ಕನಿಷ್ಠ ಶಕ್ತಿ ಇಂಟ್‌ಗೆ ಇಂಟ್‌ನ ಏಳನೇ ಒಂದು ಭಾಗದ ವರ್ಗವನ್ನು, ಗರಿಷ್ಠ ಶಕ್ತಿ ಇಂಟ್‌ಗೆ ಐದನೇ ಒಂದು ಭಾಗದ ವರ್ಗವನ್ನು ಕೂಡಿಸಿದಷ್ಟು. ಭಾಗಿಸುವಾಗ ಶೇಷವನ್ನು ಬಿಟ್ಟುಬಿಡಬೇಕು. ಒಟ್ಟು ಇಂಟ್ 119 ಇದ್ದರೆ ಗರಿಷ್ಠ 648, 120 ಆದರೆ 696. ಒಂದು ಪಾಯಿಂಟಿಗೆ 48! ಹಾಗಾಗಿ ನಿಮ್ಮ ಒಟ್ಟು ಇಂಟ್ ಐದರ ಅಥವಾ ಏಳರ ಗುಣಾಕಾರಕ್ಕೆ ಒಂದೆರಡು ಕಡಿಮೆ ಇದ್ದರೆ ಮೊದಲು ಅದನ್ನು ಪೂರೈಸಿ, ಆಮೇಲೆ ಡೆಕ್ಸ್‌ಗೆ ಹಿಂತಿರುಗಿ.

ಪ್ರಶ್ನೆ: ಸ್ಟ್ರೆಂತ್ ಹೆಚ್ಚಿದರೆ ಅಟ್ಯಾಕ್ ಹೆಚ್ಚುತ್ತದೆ ಎಂದು ಓದಿ ನನ್ನ ಆರ್ಚರ್‌ಗೆ 30 ಸ್ಟ್ರೆಂತ್ ಹಾಕಿದೆ. ಬಾಣದ ಹೊಡೆತ ಸ್ವಲ್ಪವೂ ಏರಲಿಲ್ಲ. ಆಟದಲ್ಲಿ ದೋಷವಿದೆಯೇ?
— ಓದುಗ, ಹಾಸನ

ಉತ್ತರ: ದೋಷವಿಲ್ಲ. ಬಿಲ್ಲು ಹಿಡಿದಾಗ ಸ್ಟ್ರೆಂತ್‌ನ ಜಾಗಕ್ಕೆ ಡೆಕ್ಸ್ ಬರುತ್ತದೆ; ಮೇಲೆ ನೈಟ್‌ಗೆ ಹೇಳಿದ ಹತ್ತರ ವರ್ಗದ ಲೆಕ್ಕ ನಿಮಗೆ ಡೆಕ್ಸ್‌ನಲ್ಲಿ ಅನ್ವಯಿಸುತ್ತದೆ. ಇನ್ನು ಮುಂದೆ ಸ್ಟ್ರೆಂತ್ ಅನ್ನು ಮುಟ್ಟದೆ ಡೆಕ್ಸ್ ಅನ್ನು ಮೊದಲ ಗುರಿಯಾಗಿ, ಅಜಿಲಿಟಿಯನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ನೀವು ಹಾಕಿದ 86 ಪಾಯಿಂಟ್ ಪೂರ್ತಿ ಹಾಳಾಗಿಲ್ಲ: ಪ್ರತಿ ಸ್ಟ್ರೆಂತ್‌ಗೆ ಹೊರುವ ತೂಕ 30ರಂತೆ ಹೆಚ್ಚುವುದರಿಂದ ಉಳಿದ ಆರ್ಚರ್‌ಗಳಿಗಿಂತ 870ರಷ್ಟು ಹೆಚ್ಚು ತೂಕದ ಬಾಣ, ಔಷಧಿ ಹೊತ್ತು ದೂರದ ಕಾಡುಗಳಲ್ಲಿ ಹೆಚ್ಚು ಹೊತ್ತು ನಿಲ್ಲಬಲ್ಲಿರಿ. ಹಂಟರ್ ಆಗಿ ಗಿಡುಗ ಸಾಕುವ ಯೋಚನೆಯಿದ್ದರೆ ಲಕ್‌ಗೂ ಸ್ಥಾನವಿದೆ. ಗಿಡುಗ ತಾನಾಗಿಯೇ ಎರಗುವ ಸಾಧ್ಯತೆಯನ್ನು ನಿರ್ಧರಿಸುವುದು ಲಕ್.

ಪ್ರಶ್ನೆ: ಬೇಸ್ 99 ತಲುಪಿ ಮರುಹುಟ್ಟಿಗೆಂದು ಹೋದರೆ ಅದನ್ನು ಕೊಡುವ ವಾಲ್ಕಿರಿ ನನ್ನನ್ನು ಹಿಂದಕ್ಕೆ ಕಳಿಸಿದಳು. ಏನು ತಪ್ಪಿದೆ ಎಂದು ತಿಳಿಯುತ್ತಿಲ್ಲ. ಇನ್ನೊಂದು ಮಾತು: ನಾನು ನೈಟ್ ಆಗಿದ್ದೆ, ಮರುಹುಟ್ಟಿದ ಮೇಲೆ ಪ್ಯಾಲಡಿನ್ ಆಗುವ ಆಸೆಯಿದೆ.
— ಮುಂಬೈ ಕನ್ನಡಿಗ

ಉತ್ತರ: ಬೇಸ್ 99ರ ಜೊತೆಗೆ ಜಾಬ್ ಲೆವೆಲ್ 50 ಕೂಡ ಆಗಿರಬೇಕು, ಮೊದಲು ಅದನ್ನು ನೋಡಿಕೊಳ್ಳಿ. ಜೂನೋ ನಗರದ ಗ್ರಂಥಾಲಯದಲ್ಲಿ 12,85,000 ಝೆನಿ (ಆಟದ ಹಣ) ಕಾಣಿಕೆ ಕೊಟ್ಟು, ಯಮಿರ್‌ನ ಪುಸ್ತಕವನ್ನು ಓದಿ, ಅಲ್ಲಿಂದ ವಾಲ್ಹಲ್ಲಾಕ್ಕೆ ಹೋದಿರಿ ಎಂದಾದರೆ ದಾರಿ ಸರಿಯಾಗಿಯೇ ಇದೆ. ಆದರೆ ವಾಲ್ಕಿರಿಯ ಮುಂದೆ ನಿಲ್ಲುವಾಗ ಮೈಮೇಲೆ ಏನೂ ಇರಬಾರದು. ತೊಟ್ಟದ್ದು, ಚೀಲದಲ್ಲಿರುವುದು, ಒಂದು ಬಾಣ, ಒಂದು ಔಷಧಿ ಸೀಸೆ ಕೂಡ ಇಲ್ಲದಂತೆ ತೂಕ ಸೊನ್ನೆಯಾಗಬೇಕು. ಎಲ್ಲವನ್ನೂ ಆಟದ ಉಗ್ರಾಣವಾದ ಕಾಫ್ರಾ ಸ್ಟೋರೇಜ್‌ನಲ್ಲಿ ಇಟ್ಟು ಬನ್ನಿ. ಪೆಕೊದಿಂದ ಇಳಿದಿರಬೇಕು. ಬಳಸದ ಸ್ಕಿಲ್ ಪಾಯಿಂಟ್ ಒಂದೂ ಉಳಿದಿರಬಾರದು. ಹೆಚ್ಚಿನವರು ಎಡವುವುದು ಈ ಕೊನೆಯದರಲ್ಲೇ: ಹೇಗೂ ಎಲ್ಲ ಅಳಿಸಿಹೋಗುತ್ತದಲ್ಲ ಎಂದು ಪಾಯಿಂಟುಗಳನ್ನು ಹಾಗೇ ಬಿಟ್ಟಿರುತ್ತಾರೆ.

ಪ್ಯಾಲಡಿನ್ ಆಸೆ ಈ ಪಾತ್ರದಲ್ಲಿ ಈಡೇರದು. ಮರುಹುಟ್ಟಿದವನು ಹಿಂದಿನ ಜನ್ಮದ ಹಾದಿಯಲ್ಲೇ ನಡೆಯಬೇಕು. ನೈಟ್ ಆಗಿದ್ದವನು ಲಾರ್ಡ್ ನೈಟ್, ಕ್ರುಸೇಡರ್ ಆಗಿದ್ದವನು ಪ್ಯಾಲಡಿನ್. ಇದನ್ನು ಸ್ವೋರ್ಡ್ಸ್‌ಮನ್ 50ರಲ್ಲಿ ನಿಂತಾಗಲೇ ತೀರ್ಮಾನಿಸಬೇಕಾಗಿತ್ತು. ನಿಮ್ಮ ನಿರಾಸೆ ನನಗೆ ಅರ್ಥವಾಗುತ್ತದೆ, ಆದರೆ 99ರ ಲಾರ್ಡ್ ನೈಟ್ ಆಗುವ ಅವಕಾಶವನ್ನು ಅದಕ್ಕಾಗಿ ಬಿಡಬೇಡಿ.

ಮರುಹುಟ್ಟಿನಲ್ಲಿ ಹೈ ನೋವಿಸ್ ಆಗಿ ಬೇಸ್ 1ರಿಂದ ಶುರುವಾಗುತ್ತೀರಿ. 48ರ ಬದಲು 100 ಸ್ಟಾಟ್ ಪಾಯಿಂಟ್ ಮೊದಲ ದಿನವೇ ಕೈಯಲ್ಲಿರುತ್ತವೆ, ಗರಿಷ್ಠ ಎಚ್‌ಪಿ ಮತ್ತು ಎಸ್‌ಪಿ (ಸ್ಕಿಲ್ ಬಳಸಲು ಬೇಕಾದ ಶಕ್ತಿ) ನಾಲ್ಕನೇ ಒಂದರಷ್ಟು ಹೆಚ್ಚಿರುತ್ತವೆ, ಲಾರ್ಡ್ ನೈಟ್ ಆದ ಮೇಲೆ ಜಾಬ್ ಲೆವೆಲ್ 70ರವರೆಗೆ ಹೋಗುತ್ತದೆ. ಹಳೆಯ ಜಾಬ್ ಪರೀಕ್ಷೆಗಳನ್ನು ಮತ್ತೆ ಬರೆಯಬೇಕಿಲ್ಲ. ಬದಲಿಗೆ ಪ್ರತಿ ಲೆವೆಲ್‌ಗೂ ಹಿಂದಿನದಕ್ಕಿಂತ ಹೆಚ್ಚು ಅನುಭವ ಗಳಿಸಬೇಕು, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಳ್ಳಿ. ಹೈ ಸ್ವೋರ್ಡ್ಸ್‌ಮನ್ ಹಂತದಲ್ಲೂ 40ಕ್ಕೆ ಬದಲಾಗದೆ 50ರವರೆಗೆ ಕಾಯಿರಿ.

ಹಂಚಿಕೆಯ ವಿಷಯದಲ್ಲಿ ದಾವಣಗೆರೆಯ ಓದುಗರಿಗೆ ಕೊಟ್ಟ ಲೆಕ್ಕವನ್ನೇ ತೆಗೆದುಕೊಳ್ಳಿ. ಲಕ್ ಅನ್ನು 1ರಲ್ಲೇ ಬಿಟ್ಟರೆ ಸ್ಟ್ರೆಂತ್ 82, ಅಜಿಲಿಟಿ 90, ಡೆಕ್ಸ್ 40 ಆದ ಮೇಲೂ ವೈಟಾಲಿಟಿ 50 ಮುಟ್ಟಿ 16 ಪಾಯಿಂಟ್ ಉಳಿಯುತ್ತವೆ. ಲಾರ್ಡ್ ನೈಟ್‌ನ ಜಾಬ್ ಬೋನಸ್ ಬೇರೆಯಾದ್ದರಿಂದ ಒಟ್ಟು ಸ್ಟ್ರೆಂತ್ ಹತ್ತರ ಗುಣಾಕಾರಕ್ಕೆ ಬೀಳುವಂತೆ ಆ 82ನ್ನು ಮತ್ತೆ ಲೆಕ್ಕ ಹಾಕಿ. ಗಿಲ್ಡ್ ಯುದ್ಧದಲ್ಲಿ ಆಡಬೇಕೆಂದಿದ್ದರೆ ಅಜಿಲಿಟಿಯನ್ನು ಇಳಿಸಿ ವೈಟಾಲಿಟಿಯನ್ನು ಇನ್ನೂ ಮೇಲಕ್ಕೆ ಒಯ್ಯಿರಿ. ಆ ಜಂಗುಳಿಯಲ್ಲಿ ಫ್ಲೀ ಕೆಲಸಕ್ಕೆ ಬಾರದು. ಇಂಥ ಯುದ್ಧದ ಹಂಚಿಕೆಯನ್ನು ಮೊದಲ ಜನ್ಮದಲ್ಲೇ ಪ್ರಯತ್ನಿಸಿ, ನಿಧಾನವಾಗಿ ಕೊಲ್ಲುವ ಪಾತ್ರದೊಂದಿಗೆ 99ರತ್ತ ತಿಂಗಳುಗಟ್ಟಲೆ ತೆವಳುವವರನ್ನು ನಾನು ಬಹಳ ಕಂಡಿದ್ದೇನೆ. ಮೊದಲ ಜನ್ಮಕ್ಕೆ ಒಂದೇ ಕೆಲಸ, 99 ಮುಟ್ಟುವುದು. ಅದಕ್ಕೆ ಯಾವ ಹಂಚಿಕೆ ವೇಗವಾದದ್ದೋ ಅದೇ ಸರಿ.

ಪ್ರಶ್ನೆ: ನನ್ನ ಹೈ ವಿಝಾರ್ಡ್‌ನ ಒಟ್ಟು ಡೆಕ್ಸ್ 150, ಇಂಟ್ 120. ಆದರೂ ಮಂತ್ರ ತಕ್ಷಣ ಹೊರಡುವುದಿಲ್ಲ. ಎಲ್ಲ ಕಡೆ 150 ಸಾಕು ಎಂದೇ ಹೇಳುತ್ತಾರೆ.
— ಓದುಗ, ಕಲಬುರಗಿ

ಉತ್ತರ: ನಿಮ್ಮ ಸರ್ವರ್ ರಿನ್ಯೂವಲ್ ನಿಯಮಗಳಲ್ಲಿ ನಡೆಯುತ್ತಿರಬೇಕು. ಅಲ್ಲಿ ಮಂತ್ರದ ಸಮಯ ಎರಡು ಭಾಗ: ಒಂದು ಸ್ಟಾಟ್‌ಗಳಿಂದ ಇಳಿಯುವುದು, ಇನ್ನೊಂದು ಡೆಕ್ಸ್ ಎಷ್ಟಿದ್ದರೂ ಇಳಿಯದ ಸ್ಥಿರ ಭಾಗ. ಇಳಿಯುವ ಭಾಗಕ್ಕೆ ಡೆಕ್ಸ್‌ನ ಎರಡರಷ್ಟಕ್ಕೆ ಇಂಟ್ ಕೂಡಿಸಿ, 530ರಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. ನಿಮ್ಮದು 420, ಲೆಕ್ಕ ಹಾಕಿದರೆ ಆ ಭಾಗದಲ್ಲಿ ಇನ್ನೂ ಶೇಕಡಾ 11ರಷ್ಟು ಉಳಿದಿದೆ. ಇಂಟ್ 120ನ್ನೇ ಇಟ್ಟುಕೊಂಡರೆ ಅದನ್ನು ಪೂರ್ತಿ ಅಳಿಸಲು ಡೆಕ್ಸ್ 205 ಬೇಕು. ಸ್ಥಿರ ಭಾಗ ಆಗಲೂ ಉಳಿಯುತ್ತದೆ. ಅದನ್ನು ಇಳಿಸಲು ಅದಕ್ಕೆಂದೇ ಇರುವ ಸಾಮಗ್ರಿ ಮತ್ತು ಸ್ಕಿಲ್‌ಗಳನ್ನು ಹುಡುಕಬೇಕೇ ಹೊರತು ಇನ್ನಷ್ಟು ಡೆಕ್ಸ್ ಹಾಕಿ ಪ್ರಯೋಜನವಿಲ್ಲ.